ನಾಲ್ಕು ಪುಟ, ನಾಲ್ಕು ಅಂಕ: ಮನಃಶಾಸ್ತ್ರ ಪರೀಕ್ಷೆಯ ಒಂದು ಚರ್ಚಾ ಪ್ರಶ್ನೆಯ ಪ್ರಕರಣ ಅಧ್ಯಯನ

ಕಳೆದ ಮಳೆಗಾಲದ ಒಂದು ಶನಿವಾರ ಬೆಳಗ್ಗೆ, ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ನಮ್ಮ ಮನೆಯ ಜಗಲಿಯಲ್ಲಿ, ಮನಃಶಾಸ್ತ್ರ ಪದವಿಯ ಮೊದಲ ವರ್ಷದ ವಿದ್ಯಾರ್ಥಿನಿಯೊಬ್ಬಳು ತನ್ನ ಆಂತರಿಕ ಪರೀಕ್ಷೆಯ ಉತ್ತರಪತ್ರಿಕೆಯನ್ನು ನನ್ನ ಮುಂದಿಟ್ಟಳು. ಹತ್ತು ಅಂಕದ ಒಂದು ಪ್ರಶ್ನೆಗೆ ಆಕೆ ನಾಲ್ಕು ಪುಟ ತುಂಬ ಬರೆದಿದ್ದಳು, ಸಿಕ್ಕಿದ್ದು ನಾಲ್ಕು ಅಂಕ. ಉತ್ತರದ ಕೆಳಗೆ ಮೌಲ್ಯಮಾಪನ ಮಾಡಿದವರು ಒಂದೇ ಸಾಲು ಬರೆದಿದ್ದರು: ವಿವರಣೆ ಸರಿಯಿದೆ, ಚರ್ಚೆ ಇಲ್ಲ. ಅವಳ ಪ್ರಶ್ನೆಯೂ ಒಂದೇ ಸಾಲಿನದು. “ಟೀಚರ್, ಬರೆದದ್ದು ಸರಿ ಉಂಟು ಅಂತ ಅವರೇ ಹೇಳ್ತಾರೆ, ಮತ್ತೆ ಆರು ಅಂಕ ಎಲ್ಲಿಗೆ ಹೋಯ್ತು?”

ಹೈಯರ್ ಸೆಕೆಂಡರಿಯಲ್ಲಿ ಮನಃಶಾಸ್ತ್ರ ಕಲಿಸುತ್ತ ಬಂದಿರುವ ನಾನು ಈ ಪ್ರಶ್ನೆಯನ್ನು ಬೇರೆ ಬೇರೆ ಬಾಯಿಗಳಲ್ಲಿ ಅನೇಕ ಸಲ ಕೇಳಿದ್ದೇನೆ. ಆದರೆ ಸಾಮಾನ್ಯವಾಗಿ ಅಂಕಪಟ್ಟಿ ಬಂದ ಮೇಲೆ ಉತ್ತರಪತ್ರಿಕೆ ಕಣ್ಣಿಗೆ ಬೀಳುವುದಿಲ್ಲ, ಆದ್ದರಿಂದ ಆರು ಅಂಕ ಎಲ್ಲಿಗೆ ಹೋಯಿತು ಎಂದು ಬೆರಳಿಟ್ಟು ತೋರಿಸುವ ಅವಕಾಶವೂ ಇರುವುದಿಲ್ಲ. ಈ ಪ್ರಕರಣದಲ್ಲಿ ಮೊದಲ ಉತ್ತರ ಕೈಯಲ್ಲಿತ್ತು, ಮುಂದಿನ ಒಂಬತ್ತು ವಾರಗಳಲ್ಲಿ ಅದೇ ಪ್ರಶ್ನೆಗೆ ಆಕೆ ಬರೆದ ಇನ್ನೆರಡು ಉತ್ತರಗಳೂ ನನ್ನಲ್ಲಿ ಉಳಿದವು. ಅವಳ ಮತ್ತು ಮನೆಯವರ ಒಪ್ಪಿಗೆ ಪಡೆದು, ಹೆಸರು ಮತ್ತು ಕಾಲೇಜಿನ ಗುರುತು ಬಿಟ್ಟು, ನಡೆದದ್ದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ವಿದ್ಯಾರ್ಥಿನಿ ಪೆರ್ಲದ ಕಡೆಯವಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪ್ಲಸ್ ಟುವಿನಲ್ಲಿ ಹ್ಯುಮಾನಿಟೀಸ್ ತೆಗೆದುಕೊಂಡು, ಅಲ್ಲಿ ಮನಃಶಾಸ್ತ್ರದ ರುಚಿ ಹತ್ತಿ ಅದನ್ನೇ ಪದವಿಗೆ ಆರಿಸಿಕೊಂಡವಳು. ಪಠ್ಯಪುಸ್ತಕ ಇಂಗ್ಲಿಷಿನಲ್ಲಿ, ತರಗತಿಯ ವಿವರಣೆ ಬಹುಪಾಲು ಮಲಯಾಳದಲ್ಲಿ, ಮನೆಗೆ ಬಂದು ಅರ್ಥ ಮಾಡಿಕೊಳ್ಳುವುದು ಕನ್ನಡದಲ್ಲಿ, ಪರೀಕ್ಷೆ ಮತ್ತೆ ಇಂಗ್ಲಿಷಿನಲ್ಲಿ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಇಲ್ಲಿನ ಕನ್ನಡ ಮನೆಗಳ ಮಕ್ಕಳಿಗೆ ಈ ಓಡಾಟ ಹೊಸದಲ್ಲ, ಅದನ್ನು ನಾನು ದೂರಾಗಿ ಹೇಳುತ್ತಿಲ್ಲ. ಆದರೆ ಈ ಪ್ರಕರಣದಲ್ಲಿ ಕಾಯಿಲೆಗೂ ಮದ್ದಿಗೂ ಈ ಭಾಷೆಗಳ ನಡುವಿನ ದಾರಿಯೊಂದಿಗೆ ಸಂಬಂಧವಿತ್ತು ಎಂಬುದರಿಂದ ಹೇಳಬೇಕಾಯಿತು.

ಮೊದಲ ಉತ್ತರ

ಪ್ರಶ್ನೆ ಇದ್ದದ್ದು ಹೀಗೆ: ಸ್ಮೃತಿಯ ಬಹುಭಂಡಾರ ಮಾದರಿಯನ್ನು ಚರ್ಚಿಸಿ. ತರಗತಿಯಲ್ಲಿ ಎಲ್ಲರೂ ಮಲ್ಟಿ ಸ್ಟೋರ್ ಮಾಡೆಲ್ ಎನ್ನುವ ಈ ಮಾದರಿಯನ್ನು 1968ರಲ್ಲಿ ಮಂಡಿಸಿದವರು ಅಟ್ಕಿನ್ಸನ್ ಮತ್ತು ಶಿಫ್ರಿನ್. ಹೊರಗಿನಿಂದ ಬಂದದ್ದು ಮೊದಲು ಸಂವೇದನಾ ಸ್ಮೃತಿಯಲ್ಲಿ ಕ್ಷಣಮಾತ್ರ ನಿಲ್ಲುತ್ತದೆ, ಗಮನ ಕೊಟ್ಟದ್ದು ಅಲ್ಪಕಾಲಿಕ ಸ್ಮೃತಿಗೆ ಬರುತ್ತದೆ, ಪುನರಾವರ್ತಿಸಿದ್ದು ದೀರ್ಘಕಾಲಿಕ ಸ್ಮೃತಿಗೆ ಸೇರುತ್ತದೆ ಎಂಬುದು ಅದರ ತಿರುಳು.

ಅವಳ ಉತ್ತರದ ಮೊದಲ ಪುಟದಲ್ಲಿ ಸ್ಮೃತಿ ಎಂದರೇನು ಎಂಬ ವ್ಯಾಖ್ಯೆ, ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಕಂಠಪಾಠ ಮಾಡಿ 1885ರಲ್ಲಿ ಫಲಿತಾಂಶ ಪ್ರಕಟಿಸಿದ ಕಥೆ. ಎರಡನೆಯದರಲ್ಲಿ ಅಚ್ಚುಕಟ್ಟಾದ ಚಿತ್ರ, ಮೂರು ಪೆಟ್ಟಿಗೆ, ಬಾಣದ ಗುರುತುಗಳು. ಮೂರನೆಯದರಲ್ಲಿ ಅಲ್ಪಕಾಲಿಕ ಸ್ಮೃತಿಯಲ್ಲಿ ಒಮ್ಮೆಗೆ ನಿಲ್ಲುವುದು ಏಳು, ಎರಡು ಹೆಚ್ಚು ಅಥವಾ ಎರಡು ಕಡಿಮೆ ಎಂದು ಮಿಲ್ಲರ್ 1956ರಲ್ಲಿ ಹೇಳಿದ ಮಿತಿ. ಪೀಟರ್ಸನ್ ದಂಪತಿಗಳ 1959ರ ಪ್ರಯೋಗ. ಮೂರು ವ್ಯಂಜನಗಳನ್ನು ಕೇಳಿಸಿ, ಮೂರು ಮೂರರಂತೆ ಹಿಂದಕ್ಕೆ ಎಣಿಸಲು ಹೇಳಿದಾಗ 18 ಸೆಕೆಂಡಿನಲ್ಲಿ ನೆನಪು ಶೇಕಡ 10ಕ್ಕಿಂತ ಕೆಳಗಿಳಿದದ್ದು. ನಾಲ್ಕನೆಯದರಲ್ಲಿ ದೀರ್ಘಕಾಲಿಕ ಸ್ಮೃತಿ, ಎಚ್.ಎಂ. ಎಂಬ ರೋಗಿಯ ವಿಚಾರ, ಕೊನೆಗೆ ಎರಡು ಉಪಶೀರ್ಷಿಕೆ: ಗುಣಗಳು, ದೋಷಗಳು. ಗುಣಗಳ ಕೆಳಗೆ ‘ಅರ್ಥ ಮಾಡಿಕೊಳ್ಳಲು ಸುಲಭ’. ದೋಷಗಳ ಕೆಳಗೆ ‘ತುಂಬ ಸರಳವಾಗಿದೆ’.

ಒಂದೂ ತಪ್ಪಿಲ್ಲದ ಉತ್ತರ ಅದು. ಇಸವಿಗಳೆಲ್ಲ ಸರಿ, ಹೆಸರುಗಳ ಕಾಗುಣಿತವೂ ಸರಿ. ನಾನು ಅವಳ ಕೈಗೆ ಹಸಿರು ಮತ್ತು ಕೆಂಪು ಪೆನ್ನು ಕೊಟ್ಟು, ಯಾರು ಏನು ಹೇಳಿದರು, ಏನು ಮಾಡಿದರು ಎಂದು ತಿಳಿಸುವ ಸಾಲಿನ ಪಕ್ಕ ಹಸಿರು ಗೆರೆ, ಅದರಿಂದ ಮಾದರಿಗೆ ಬಲ ಬಂತೋ ಪೆಟ್ಟು ಬಿತ್ತೋ ಎಂದು ತೀರ್ಮಾನಿಸುವ ಸಾಲಿನ ಪಕ್ಕ ಕೆಂಪು ಗೆರೆ ಎಳೆಯಲು ಹೇಳಿದೆ. 104 ಸಾಲುಗಳಲ್ಲಿ ಕೆಂಪು ಗೆರೆ ಸಿಕ್ಕಿದ್ದು ಏಳಕ್ಕೆ. ಆ ಏಳರಲ್ಲೂ ಐದು ಸಾಲುಗಳನ್ನು ಬೇರೆ ಯಾವ ಸಿದ್ಧಾಂತದ ಕೆಳಗೆ ಅಂಟಿಸಿದರೂ ಹೊಂದಿಕೊಳ್ಳುತ್ತಿದ್ದವು. ಅವಳು ಪುಟಗಳನ್ನು ಒಂದರ ಪಕ್ಕ ಒಂದಿಟ್ಟು ಆ ಹಸಿರನ್ನು ಸ್ವಲ್ಪ ಹೊತ್ತು ನೋಡಿದಳು, ಏನೂ ಹೇಳಲಿಲ್ಲ.

ಇಂಗ್ಲೆಂಡಿನಲ್ಲಿ ಎ ಲೆವೆಲ್ ಪರೀಕ್ಷೆ ನಡೆಸುವ ಎಕ್ಯೂಎ ಮಂಡಳಿಯು ಮನಃಶಾಸ್ತ್ರದ 16 ಅಂಕಗಳ ಚರ್ಚಾ ಪ್ರಶ್ನೆಯಲ್ಲಿ ವಿವರಣೆಗೆ 6, ಮೌಲ್ಯವಿಮರ್ಶೆಗೆ 10 ಎಂದು ತೂಕ ಹಂಚುತ್ತದೆ. ನಮ್ಮ ಪರೀಕ್ಷೆಗಳಿಗೆ ಆ ಲೆಕ್ಕ ಅನ್ವಯಿಸುವುದಿಲ್ಲ, ಅದನ್ನು ನಾನು ಅವಳಿಗೆ ನಿಯಮವಾಗಿ ಹೇಳಲೂ ಇಲ್ಲ. ಆದರೆ ‘ಚರ್ಚಿಸಿ’ ಎಂಬ ಒಂದು ಪದದ ಹಿಂದೆ ಪ್ರಶ್ನೆ ಹಾಕಿದವರ ಮನಸ್ಸಿನಲ್ಲಿ ಏನಿರುತ್ತದೆ ಎಂಬುದು ಆ ಹಂಚಿಕೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಕನ್ನಡದ ಪ್ರಶ್ನೆಪತ್ರಿಕೆಗಳಲ್ಲಿ ವಿವರಿಸಿ, ವಿಶದೀಕರಿಸಿ, ಚರ್ಚಿಸಿ, ವಿಮರ್ಶಿಸಿ ಎಂಬ ಪದಗಳು ಒಂದರ ಜಾಗದಲ್ಲಿ ಇನ್ನೊಂದು ಬಂದುಹೋಗುತ್ತವೆ. ಶಾಲೆಯಲ್ಲಿ ‘ಬೇಸಾಯದ ಮಹತ್ವವನ್ನು ಚರ್ಚಿಸಿ’ ಎಂದು ಕೇಳಿದಾಗ ಮಹತ್ವವನ್ನು ಹತ್ತು ಸಾಲಿನಲ್ಲಿ ಬರೆದರೆ ಪೂರ್ತಿ ಅಂಕ ಕೊಟ್ಟವರು ನಾವೇ, ಅಧ್ಯಾಪಕರು. ಹನ್ನೆರಡು ವರ್ಷ ಹಾಗೆ ಕಲಿತ ಮಗು ಪದವಿಗೆ ಹೋದ ದಿನ ಆ ಪದಕ್ಕೆ ಬೇರೆ ಅರ್ಥ ಹುಟ್ಟಿತು ಎಂದು ಯಾರೂ ಹೇಳಿರುವುದಿಲ್ಲ.

ಅಜ್ಜಿಯ ಬೀಡಿ

ತೊಂದರೆಯ ಮೂಲ ಎಲ್ಲಿದೆ ಎಂದು ನಿರ್ಧರಿಸುವ ಮೊದಲು ಮೂರು ಸಾಧ್ಯತೆಗಳನ್ನು ನೋಡಬೇಕಿತ್ತು. ವಿಷಯ ಸಾಲದೆ ಹೀಗಾಯಿತೇ? ಇಲ್ಲ, ವಿಷಯ ಬೇಕಾದ್ದಕ್ಕಿಂತ ಹೆಚ್ಚೇ ಇತ್ತು. ಇಂಗ್ಲಿಷ್ ಸಾಲದೆ ಹೀಗಾಯಿತೇ? ಇದನ್ನು ಪರೀಕ್ಷಿಸಲು ಒಂದು ಸುಲಭ ಉಪಾಯವಿದೆ: ಅದೇ ಪ್ರಶ್ನೆಯನ್ನು ಬಾಯಿಮಾತಿನಲ್ಲಿ, ಮನೆಯ ಭಾಷೆಯಲ್ಲಿ ಕೇಳುವುದು. ಅಲ್ಲಿಯೂ ಚರ್ಚೆ ಹುಟ್ಟದಿದ್ದರೆ ಮೂರನೆಯ ಸಾಧ್ಯತೆ, ಅಂದರೆ ಯೋಚನೆಯ ದಾರಿಯೇ ಗೊತ್ತಿಲ್ಲ ಎಂಬುದು ಖಚಿತವಾಗುತ್ತದೆ.

ಎರಡನೆಯ ಶನಿವಾರ ಉತ್ತರಪತ್ರಿಕೆಯನ್ನು ಬದಿಗಿಟ್ಟು, ಈ ಮೂರು ಪೆಟ್ಟಿಗೆಯ ಮಾತನ್ನು ನೀನು ನಂಬುತ್ತೀಯಾ ಎಂದು ಕೇಳಿದೆ. ನಂಬುವ ಬಿಡುವ ಪ್ರಶ್ನೆ ತನಗೆ ಸೇರಿದ್ದೆಂದು ಅವಳು ಅದುವರೆಗೆ ಎಣಿಸಿರಲಿಲ್ಲ. ಪುಸ್ತಕದಲ್ಲಿ ಹಾಗೆ ಉಂಟಲ್ಲ ಎಂದಳು. ಮನೆಯಲ್ಲಿ ಮರೆವಿನವರು ಯಾರಾದರೂ ಇದ್ದಾರಾ ಎಂದು ಕೇಳಿದಾಗ ಅಜ್ಜಿಯ ಮಾತು ಬಂತು. ಎರಡು ವರ್ಷಗಳಿಂದ ಅಜ್ಜಿಗೆ ಬೆಳಗ್ಗೆ ತಿಂದದ್ದು ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ, ಬಂದವರನ್ನು ಯಾರು ಎಂದು ಮೂರು ಸಲ ಕೇಳುತ್ತಾರೆ. ಆದರೆ ಮುಂದೆ ತಟ್ಟೆ ಇಟ್ಟುಕೊಂಡು ಕುಳಿತರೆಂದರೆ ಎಲೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ಹಾಕಿ, ಸುತ್ತಿ, ತುದಿ ಮಡಚಿ, ನೂಲು ಬಿಗಿಯುವಲ್ಲಿ ಒಂದು ಬೀಡಿಯೂ ತಪ್ಪುವುದಿಲ್ಲ.

ಇದನ್ನು ಹೇಳಿ ಅವಳು ನಿಲ್ಲಿಸಿದಳು. ನಾನೂ ಸುಮ್ಮನಿದ್ದೆ. ಆಮೇಲೆ ಅವಳೇ ಕೇಳಿದಳು: “ಹಾಗಾದ್ರೆ ಎಲ್ಲ ನೆನಪು ಒಂದೇ ಪೆಟ್ಟಿಗೆಯಲ್ಲಿ ಇರ್ಲಿಕ್ಕೆ ಹೇಗೆ ಸಾಧ್ಯ ಟೀಚರ್? ಬೀಡಿ ಕಟ್ಟುವುದೂ ಹಳೇ ನೆನಪೇ ಅಂತ ಹೇಳಬಹುದು. ಆದ್ರೆ ಹಳೇ ಪರಿಚಯದವರ ಹೆಸರು ಸಹ ಈಗ ಹೋಗಿ ಆಗಿದೆ, ಇದು ಮಾತ್ರ ಹೋಗಲಿಲ್ಲ.”

ಈ ಮೂರು ವಾಕ್ಯಗಳಲ್ಲಿ ಚರ್ಚೆಗೆ ಬೇಕಾದ ಎಲ್ಲವೂ ಇದೆ. ಒಂದು ಹೇಳಿಕೆಯನ್ನು ಪ್ರಶ್ನಿಸಿದ್ದಾಳೆ, ತನ್ನ ಪ್ರಶ್ನೆಗೆ ಬರಬಹುದಾದ ಸಮಾಧಾನವನ್ನು ತಾನೇ ಊಹಿಸಿದ್ದಾಳೆ, ಆ ಸಮಾಧಾನ ಏಕೆ ಸಾಲದು ಎಂದು ಇನ್ನೊಂದು ಸಂಗತಿಯಿಂದ ತೋರಿಸಿದ್ದಾಳೆ. ಹೀಗಾಗಿ ನನ್ನ ತೀರ್ಮಾನ ಇಷ್ಟಾಯಿತು: ಅವಳಿಗೆ ಚರ್ಚಿಸಲು ಬರುತ್ತದೆ, ಉತ್ತರಪತ್ರಿಕೆಯಲ್ಲಿ ಹಾಗೆ ಮಾಡಬಹುದೆಂದು ಗೊತ್ತಿಲ್ಲ, ಗೊತ್ತಾದರೂ ಇಂಗ್ಲಿಷಿನಲ್ಲಿ ಅದನ್ನು ಎಲ್ಲಿಂದ ಆರಂಭಿಸಬೇಕೆಂದು ತಿಳಿಯದು.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಅಜ್ಜಿಯ ಬೀಡಿಯನ್ನು ಉತ್ತರದಲ್ಲಿ ಪುರಾವೆಯಾಗಿ ಬರೆಯುವಂತಿಲ್ಲ. ಮನೆಯಲ್ಲಿ ಕಂಡದ್ದು ಪ್ರಶ್ನೆಯನ್ನು ಹುಟ್ಟಿಸಬಲ್ಲದು, ಉತ್ತರವನ್ನು ಸಾಧಿಸಲಾರದು. ಅಜ್ಜಿ ತೋರಿಸಿದ್ದನ್ನೇ ಅಳೆದು ದಾಖಲಿಸಿದ ಅಧ್ಯಯನ ಯಾವುದು ಎಂದು ಹುಡುಕುವುದು ಮುಂದಿನ ಕೆಲಸ, ಮತ್ತು ಅದು ಅವಳ ನಾಲ್ಕನೆಯ ಪುಟದಲ್ಲಿಯೇ ಇತ್ತು. 1953ರಲ್ಲಿ ಅಪಸ್ಮಾರದ ಚಿಕಿತ್ಸೆಗಾಗಿ ಮಿದುಳಿನ ಎರಡೂ ಬದಿಯ ಹಿಪೊಕ್ಯಾಂಪಸ್ ಭಾಗಕ್ಕೆ ಶಸ್ತ್ರಕ್ರಿಯೆ ಮಾಡಿಸಿಕೊಂಡ ಎಚ್.ಎಂ., ಅಂದರೆ ಹೆನ್ರಿ ಮೊಲೈಸನ್, ಅಂಕಿಗಳ ಒಂದು ಸಾಲನ್ನು ಆಗಿಂದಾಗಲೇ ಸರಿಯಾಗಿ ಒಪ್ಪಿಸಬಲ್ಲವರಾಗಿದ್ದರು, ಆದರೆ ಹೊಸ ಸಂಗತಿಗಳನ್ನು ಉಳಿಸಿಕೊಳ್ಳಲಾರದವರಾದರು. ಇದನ್ನು ಅವಳು ಬರೆದಿದ್ದಳು. ಬರೆಯದೆ ಬಿಟ್ಟದ್ದು ಬ್ರೆಂಡಾ ಮಿಲ್ನರ್ 1962ರಲ್ಲಿ ಪ್ರಕಟಿಸಿದ ಭಾಗ: ಕನ್ನಡಿಯಲ್ಲಿ ಮಾತ್ರ ಕೈಯನ್ನು ನೋಡುತ್ತ ನಕ್ಷತ್ರದ ಗೆರೆಯನ್ನು ತಿದ್ದುವ ಕೆಲಸದಲ್ಲಿ ಅವರು ಮೂರು ದಿನಗಳಲ್ಲಿ ದಿನದಿಂದ ದಿನಕ್ಕೆ ಸುಧಾರಿಸಿದರು, ಆದರೆ ಪ್ರತಿದಿನವೂ ಆ ಕೆಲಸವನ್ನು ಮೊದಲ ಸಲ ಕಾಣುತ್ತಿರುವವರಂತೆ ಕುಳಿತರು. ಇದನ್ನು ಓದಿಸಿದಾಗ ಅವಳು ಪುಸ್ತಕದಿಂದ ತಲೆಯೆತ್ತಿ “ಅಜ್ಜಿ” ಎಂದಷ್ಟೇ ಹೇಳಿದಳು.

ಅಂದ ಮೇಲೆ, ಹಾಗೆಂದ ಮಾತ್ರಕ್ಕೆ

ಇಂಗ್ಲಿಷಿನ ಸಂಪರ್ಕ ಪದಗಳ ಪಟ್ಟಿಯನ್ನು ಅವಳ ಕಾಲೇಜಿನಲ್ಲಿ ಕೊಟ್ಟಿದ್ದರು. ಹೌಎವರ್, ದೇರ್‌ಫೋರ್, ಆನ್ ದಿ ಅದರ್ ಹ್ಯಾಂಡ್. ಆ ಪಟ್ಟಿ ಬಾಯಿಪಾಠವಾಗಿತ್ತು, ಆದರೆ ಪದದ ಹಿಂದೆ ಯೋಚನೆಯ ಒತ್ತಡ ಇಲ್ಲದಿದ್ದರೆ ಆ ಪದ ಬರೀ ಅಲಂಕಾರ. ನಾನು ಅವಳಿಗೆ ಸೂಚಿಸಿದ್ದು, ಉತ್ತರದ ಯೋಜನೆಯನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲಿಯೇ ಮಾಡು, ಅದರಲ್ಲಿ ಪ್ರತಿ ಅಧ್ಯಯನದ ಮುಂದೆ ಎರಡು ಮಾತು ತಪ್ಪದೆ ಬರೆ ಎಂದು: ಒಂದು ‘ಅಂದ ಮೇಲೆ’, ಇನ್ನೊಂದು ‘ಹಾಗೆಂದ ಮಾತ್ರಕ್ಕೆ’.

ಕನ್ನಡ ಆಡುವ ಯಾರಿಗೂ ಈ ಎರಡು ಮಾತನ್ನು ಕಲಿಸಬೇಕಾಗಿಲ್ಲ. ‘ಬಸ್ಸು ಹೋಯಿತು ಅಂದ ಮೇಲೆ’ ಎಂದು ಶುರು ಮಾಡಿದವರು ಮುಂದಿನ ತೀರ್ಮಾನವನ್ನು ಹೇಳದೆ ವಾಕ್ಯ ಮುಗಿಸಲಾರರು, ಕೇಳುವವರೂ ಕಾಯುತ್ತಾರೆ. ‘ಹಾಗೆಂದ ಮಾತ್ರಕ್ಕೆ’ ಎಂದವರು ಆ ತೀರ್ಮಾನದ ಗಡಿ ಎಲ್ಲಿ ಎಂದು ತೋರಿಸಲೇಬೇಕು. ಭಾಷೆಯೇ ಯೋಚನೆಯನ್ನು ಮುಂದಕ್ಕೆ ತಳ್ಳುತ್ತದೆ. ಎಚ್.ಎಂ. ಪ್ರಕರಣದ ಮುಂದೆ ಅವಳು ಚೀಟಿಯಲ್ಲಿ ಬರೆದದ್ದು: ‘ಅಂಕಿ ಒಪ್ಪಿಸುತ್ತಾನೆ, ಹೊಸದು ಉಳಿಯುವುದಿಲ್ಲ, ಅಂದ ಮೇಲೆ ಅಲ್ಪಕಾಲಿಕ ಬೇರೆ, ದೀರ್ಘಕಾಲಿಕ ಬೇರೆ, ಮಾದರಿಗೆ ಬಲ. ಹಾಗೆಂದ ಮಾತ್ರಕ್ಕೆ ದೀರ್ಘಕಾಲಿಕ ಒಂದೇ ಅಲ್ಲ, ನಕ್ಷತ್ರ ಕಲಿತ.’ ಒಂದೇ ಮನುಷ್ಯನ ಪ್ರಕರಣ ಮಾದರಿಯ ಒಂದು ಭಾಗವನ್ನು ಎತ್ತಿಹಿಡಿಯುತ್ತದೆ, ಇನ್ನೊಂದು ಭಾಗವನ್ನು ಮುರಿಯುತ್ತದೆ. ಪರೀಕ್ಷಕರು ಹುಡುಕುವ ಚರ್ಚೆ ಎಂದರೆ ಇದು, ಇದಕ್ಕಿಂತ ಗಹನವಾದದ್ದೇನೂ ಅಲ್ಲ.

ಆದರೆ ಚೀಟಿಯಿಂದ ಉತ್ತರಕ್ಕೆ ಬರುವಾಗ ಮೊದಲ ಸಲ ಅದು ಹಾಳಾಯಿತು. ನಾಲ್ಕನೆಯ ವಾರ ಬರೆದ ಎರಡನೆಯ ಉತ್ತರದಲ್ಲಿ ವಿವರಣೆ ಒಂದೂಕಾಲು ಪುಟಕ್ಕೆ ಇಳಿದಿತ್ತು, ಎಬ್ಬಿಂಗ್‌ಹೌಸ್ ಹೋಗಿದ್ದರು, ಒಂದು ಪುಟ ತುಂಬ ವಿಮರ್ಶೆ ಇತ್ತು. ಆದರೆ ಅದೆಲ್ಲವೂ ಕೊನೆಯಲ್ಲಿ ಒಂದರ ಕೆಳಗೊಂದು ಏಳು ಅಂಶಗಳಾಗಿ ನಿಂತಿತ್ತು. ಪುನರಾವರ್ತನೆಯ ಕಾಲಾವಧಿಗಿಂತ ಅದರ ಬಗೆ ಮುಖ್ಯ ಎಂದು ತೋರಿಸಿದ ಕ್ರೇಕ್ ಮತ್ತು ವಾಟ್ಕಿನ್ಸ್ ಅವರ 1973ರ ಅಧ್ಯಯನಕ್ಕೆ ಎರಡು ಸಾಲು, ಪ್ರಯೋಗಶಾಲೆಯ ಕೃತಕತೆಗೆ ಎರಡು ಸಾಲು, 1974ರಲ್ಲಿ ಬ್ಯಾಡ್‌ಲಿ ಮತ್ತು ಹಿಚ್ ಮಂಡಿಸಿದ, ಅಲ್ಪಕಾಲಿಕ ಸ್ಮೃತಿಯನ್ನು ಬೇರೆ ಬೇರೆ ಭಾಗಗಳಾಗಿ ಕಾಣುವ ಕಾರ್ಯಸ್ಮೃತಿಯ ಮಾದರಿಗೆ ಎರಡು ಸಾಲು, ಹೀಗೆ. ಯಾವ ಅಂಶವೂ ಇನ್ನೊಂದರ ಮುಖ ನೋಡುತ್ತಿರಲಿಲ್ಲ. ನಾನು ಆರು ಅಂಕ ಕೊಟ್ಟೆ, ಅದರಲ್ಲೂ ಅರ್ಧ ಅಂಕ ಪ್ರೀತಿಯದು.

ಏಕೆ ಆರೇ ಎಂಬುದನ್ನು ವಿವರಿಸಲು ನನಗೆ, ವೇಷವಿಲ್ಲದೆ ಅರ್ಥಧಾರಿಗಳು ಪಾತ್ರಗಳಾಗಿ ಕುಳಿತು ಮಾತಿನಲ್ಲೇ ವಾದಿಸುವ ತಾಳಮದ್ದಳೆಯ ನೆರವು ಬೇಕಾಯಿತು. ಯಕ್ಷಗಾನದ ಕವಿ ಪಾರ್ತಿಸುಬ್ಬನ ಕುಂಬಳೆಗೆ ಹತ್ತಿರದ ಊರುಗಳಲ್ಲಿ ಬೆಳೆದ ಮಕ್ಕಳಿಗೆ ವಾಲಿಯ ಆಕ್ಷೇಪ ಗೊತ್ತು. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ವಾಲಿ ಕೇಳಿದಾಗ ಅರ್ಥಧಾರಿಯಾದ ರಾಮ ತನ್ನ ಗುಣಗಳ ಪಟ್ಟಿ ಓದುವುದಿಲ್ಲ. ಆ ಮಾತನ್ನೇ ಎತ್ತಿಕೊಂಡು, ಅದರ ಬಲವಾದ ಭಾಗವನ್ನು ಒಪ್ಪಿ, ಉಳಿದದ್ದಕ್ಕೆ ಉತ್ತರ ಕೊಡುತ್ತಾನೆ, ವಾಲಿ ಆ ಉತ್ತರದಲ್ಲಿ ಮತ್ತೆ ಸಂದು ಹುಡುಕುತ್ತಾನೆ. ಅವಳ ಮಾವ ಹವ್ಯಾಸಿ ಅರ್ಥಧಾರಿ, ಅವರ ಜೊತೆ ಅವಳು ಎಷ್ಟೋ ಕೂಟಗಳಿಗೆ ಹೋದವಳು. ಹಾಗಿರುವಾಗ ನಿನ್ನ ಏಳು ಅಂಶಗಳಲ್ಲಿ ಯಾರು ಯಾರಿಗೆ ಉತ್ತರ ಕೊಟ್ಟರು ಎಂದು ಕೇಳಿದೆ. ಅವಳು ಪುಟವನ್ನು ಮತ್ತೊಮ್ಮೆ ಓದಿ, “ಎಲ್ಲರೂ ಅವರವರ ಪದ್ಯ ಹೇಳಿ ಎದ್ದು ಹೋಗಿದ್ದಾರೆ” ಎಂದಳು. ನಾನು ಹೇಳಬೇಕೆಂದಿದ್ದಕ್ಕಿಂತ ಅದು ಚೆನ್ನಾಗಿತ್ತು.

ಆ ದಿನ ಏಳು ಅಂಶಗಳಲ್ಲಿ ನಾಲ್ಕನ್ನು ಹೊಡೆದುಹಾಕಿದೆವು. ಹತ್ತು ಅಂಕದ ಉತ್ತರದಲ್ಲಿ ಮೂರು ಅಂಶಗಳನ್ನು ಕೊನೆಮುಟ್ಟಿಸುವುದು ಏಳನ್ನು ಮುಟ್ಟಿ ಬಿಡುವುದಕ್ಕಿಂತ ಹೆಚ್ಚು ಅಂಕ ತರುತ್ತದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಉಳಿಸಿಕೊಂಡ ಮೂರು ಒಂದಕ್ಕೊಂದು ಕೊಂಡಿಯಾಗುವಂಥವು: ಎಚ್.ಎಂ., ಅವರಿಗೆ ಎದುರಾಗಿ ನಿಲ್ಲುವ ಕೆ.ಎಫ್. ಎಂಬ ರೋಗಿ, ಮತ್ತು ಪುನರಾವರ್ತನೆಯ ಪ್ರಶ್ನೆ.

ಏಳನೆಯ ವಾರದ ಮೂರನೆಯ ಉತ್ತರದಿಂದ ಒಂದು ಭಾಗವನ್ನು ಇಲ್ಲಿ ಕೊಡುತ್ತೇನೆ. ಅವಳು ಬರೆದದ್ದು ಇಂಗ್ಲಿಷಿನಲ್ಲಿ, ಕನ್ನಡದ ರೂಪ ನನ್ನದು: ‘ಎಚ್.ಎಂ. ಪ್ರಕರಣ ಎರಡು ಭಂಡಾರಗಳು ಬೇರೆ ಎಂದು ತೋರಿಸುತ್ತದೆ, ಆದರೆ ಅಲ್ಪಕಾಲಿಕದ ಮೂಲಕವೇ ದೀರ್ಘಕಾಲಿಕಕ್ಕೆ ಹೋಗಬೇಕು ಎಂದು ತೋರಿಸುವುದಿಲ್ಲ. ಮಾದರಿ ಎರಡನ್ನೂ ಹೇಳುತ್ತದೆ. ಎರಡನೆಯ ಮಾತಿಗೆ ಶ್ಯಾಲಿಸ್ ಮತ್ತು ವಾರಿಂಗ್ಟನ್ 1970ರಲ್ಲಿ ವರದಿ ಮಾಡಿದ ಕೆ.ಎಫ್. ತೊಡಕಾಗುತ್ತಾನೆ. ಮೋಟಾರ್ ಸೈಕಲ್ ಅಪಘಾತದ ಬಳಿಕ ಅವನಿಗೆ ಕೇಳಿದ ಅಂಕಿಗಳಲ್ಲಿ ಒಂದೆರಡು ಮಾತ್ರ ನಿಲ್ಲುತ್ತಿದ್ದವು, ಆದರೂ ಹೊಸ ಸಂಗತಿಗಳು ದೀರ್ಘಕಾಲಿಕ ಸ್ಮೃತಿಗೆ ಸೇರುತ್ತಿದ್ದವು. ಬಾಗಿಲು ಇಷ್ಟು ಕಿರಿದಾದರೂ ಮನೆ ತುಂಬುತ್ತಿದೆ ಎಂದಾದರೆ, ಒಂದೋ ಇನ್ನೊಂದು ಬಾಗಿಲಿದೆ, ಇಲ್ಲವೇ ಅಲ್ಪಕಾಲಿಕ ಸ್ಮೃತಿ ಒಂದೇ ಕೋಣೆ ಅಲ್ಲ. ಕಣ್ಣಿಗೆ ತೋರಿಸಿದ ಅಂಕಿಗಳನ್ನು ಅವನು ಹೆಚ್ಚು ಚೆನ್ನಾಗಿ ನೆನಪಿಡುತ್ತಿದ್ದ ಎಂಬುದು ಎರಡನೆಯ ಸಾಧ್ಯತೆಗೆ ಬಲ ಕೊಡುತ್ತದೆ, ಬ್ಯಾಡ್‌ಲಿ ಮತ್ತು ಹಿಚ್ ಹಿಡಿದದ್ದೂ ಇದೇ ದಾರಿ.’

ಬಾಗಿಲು ಮತ್ತು ಮನೆಯ ಹೋಲಿಕೆ ಅವಳದೇ. ಔಪಚಾರಿಕ ಉತ್ತರದಲ್ಲಿ ಅದು ಬೇಕೇ ಎಂದು ಕೆಲವರು ಕೇಳಬಹುದು, ನಾನು ಉಳಿಸು ಎಂದೆ. ಎರಡನೆಯ ಉತ್ತರದಲ್ಲಿ ಎರಡು ಸಾಲಿನ ಅನಾಥ ಅಂಶವಾಗಿದ್ದ ಬ್ಯಾಡ್‌ಲಿ ಮತ್ತು ಹಿಚ್ ಇಲ್ಲಿ ಕೆ.ಎಫ್. ಎತ್ತಿದ ತೊಡಕಿಗೆ ಪರಿಹಾರವಾಗಿ ಬಂದರು ಎಂಬುದನ್ನು ಓದುಗರು ಗಮನಿಸಬೇಕು. ಹೊಸ ಮಾಹಿತಿ ಸೇರಿದ್ದು ತೀರ ಅಲ್ಪ, ಇದ್ದದ್ದರ ಸ್ಥಾನ ಬದಲಾಯಿತು. ಈ ಉತ್ತರಕ್ಕೆ ಎಂಟು ಅಂಕ ಕೊಟ್ಟೆ. ಪುನರಾವರ್ತನೆಯ ಭಾಗ ಅವಸರದಲ್ಲಿ ಮುಗಿದಿದ್ದರಿಂದ ಎರಡು ಹೋಯಿತು.

ಓದುವ ಕ್ರಮ ಮತ್ತು ಗಡಿಯಾರ

ಸಮಯದ ವಿಚಾರವನ್ನು ಬೇಗ ಮುಗಿಸುತ್ತೇನೆ. ಎರಡು ಗಂಟೆಯ ಪರೀಕ್ಷೆಯಲ್ಲಿ ಅವಳು ಆ ನಾಲ್ಕು ಪುಟಕ್ಕೆ ಸುಮಾರು ಐವತ್ತು ನಿಮಿಷ ಕೊಟ್ಟಿದ್ದಳು, ಅದರಿಂದ ಕೊನೆಯ ಎರಡು ಸಣ್ಣ ಪ್ರಶ್ನೆಗಳು ಖಾಲಿ ಉಳಿದಿದ್ದವು. ನಾವು ಇಪ್ಪತ್ತೈದು ನಿಮಿಷ ಎಂದು ನಿಗದಿ ಮಾಡಿ, ಅದರಲ್ಲಿ ನಾಲ್ಕನ್ನು ಚೀಟಿಗೆ ಮೀಸಲಿಟ್ಟೆವು. ಕೇರಳದ ಹೈಯರ್ ಸೆಕೆಂಡರಿ ಪರೀಕ್ಷೆಯಲ್ಲಿ ಬರೆಯುವ ಮೊದಲು ಕೊಡುವ 15 ನಿಮಿಷಗಳ ಕೂಲ್ ಆಫ್ ಟೈಮಿನಲ್ಲಿ ಸುಮ್ಮನೆ ಪ್ರಶ್ನೆಪತ್ರಿಕೆ ತಿರುವಿಹಾಕಿ ಕುಳಿತಿದ್ದೆ ಎಂದು ಅವಳು ಆಗ ನೆನಪಿಸಿಕೊಂಡಳು. ಪ್ಲಸ್ ಟುವಿನ ಮಕ್ಕಳಿಗೆ ಉತ್ತರದ ಯೋಜನೆಗೆ ಅದಕ್ಕಿಂತ ಒಳ್ಳೆಯ ಹೊತ್ತು ಬೇರೆ ಸಿಗದು.

ಓದುವ ಕ್ರಮ ಬದಲಾಗಬೇಕಾದದ್ದು ಹೆಚ್ಚು ಕಷ್ಟವಾಯಿತು. ಅವಳು ಓದುತ್ತಿದ್ದದ್ದು ಪಠ್ಯವನ್ನು ಮತ್ತೆ ಮತ್ತೆ ನೋಡಿ, ಕೊನೆಗೆ ನೋಟ್ಸಿನಲ್ಲಿ ಚೆಂದವಾಗಿ ನಕಲು ಮಾಡಿ. ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಗದ್ಯಭಾಗವನ್ನು ಎರಡನೆಯ ಸಲ ಓದಿದವರು ಐದು ನಿಮಿಷದ ಬಳಿಕ ಮುಂದಿದ್ದರು. ಓದಿದ ಮೇಲೆ ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರು ಒಂದು ವಾರದ ಬಳಿಕ ಮುಂದಿದ್ದರು, ಶೇಕಡ 56ಕ್ಕೆ ಎದುರಾಗಿ ಮರು ಓದಿದವರದು ಶೇಕಡ 42. ಮರು ಓದು ಆ ಕ್ಷಣಕ್ಕೆ ಧೈರ್ಯ ಕೊಡುತ್ತದೆ, ಅದರಿಂದಲೇ ಅದನ್ನು ಬಿಡಲು ಮನಸ್ಸಾಗುವುದಿಲ್ಲ. ಈ ಅಂಕಿಗಳನ್ನು ತೋರಿಸಿದ ಮೇಲೆ ಅವಳು ವಾರಕ್ಕೆ ಎರಡು ಸಲ ಪುಸ್ತಕ ಮುಚ್ಚಿಟ್ಟು ಚೀಟಿ ಬರೆಯಲು ಒಪ್ಪಿದಳು. ಮೊದಲ ವಾರ ಅಳು ಬಂತು ಎಂದು ಅವಳ ಅಮ್ಮ ನನಗೆ ಫೋನಿನಲ್ಲಿ ಹೇಳಿದರು.

ಬೇರೆ ಪ್ರಶ್ನೆಯಲ್ಲಿ

ಒಂದೇ ಪ್ರಶ್ನೆಯನ್ನು ಮೂರು ಸಲ ಬರೆದರೆ ಯಾರಾದರೂ ಸುಧಾರಿಸುತ್ತಾರೆ. ಕಲಿತದ್ದು ನಿಜವೋ ಎಂದು ನೋಡಲು ಒಂಬತ್ತನೆಯ ವಾರ ಅವಳು ಸಿದ್ಧವಾಗಿರದ ಪ್ರಶ್ನೆ ಕೊಟ್ಟೆ: ವಿಧೇಯತೆಗೆ ವ್ಯಕ್ತಿಗಿಂತ ಸನ್ನಿವೇಶ ಕಾರಣ ಎಂಬ ವಾದವನ್ನು ಮಿಲ್‌ಗ್ರಾಂ ಅಧ್ಯಯನಗಳ ಆಧಾರದಲ್ಲಿ ಚರ್ಚಿಸಿ. ಮಿಲ್‌ಗ್ರಾಂ ಪ್ಲಸ್ ಟುವಿನಿಂದಲೇ ಅವಳಿಗೆ ಪರಿಚಿತ: ಮೇಲಿನವರ ಆಜ್ಞೆಯಂತೆ ಜನ ಇನ್ನೊಬ್ಬನಿಗೆ ವಿದ್ಯುತ್ ಆಘಾತ ಕೊಡುವುದನ್ನು ಎಲ್ಲಿಯವರೆಗೆ ಮುಂದುವರಿಸುತ್ತಾರೆ ಎಂದು ಪರೀಕ್ಷಿಸಿದವರು.

ಆರಂಭ ಬಹಳ ಚೆನ್ನಾಗಿತ್ತು. 1963ರ ವರದಿಯ 40 ಗಂಡಸರಲ್ಲಿ 26 ಮಂದಿ, ಅಂದರೆ ಶೇಕಡ 65, 450 ವೋಲ್ಟಿನ ಕೊನೆಯ ಗುಂಡಿಯವರೆಗೆ ಹೋದರು. ವಿದ್ಯುತ್ ಆಘಾತ ಅನುಭವಿಸುವಂತೆ ನಟಿಸಿದವನು ಅದೇ ಕೋಣೆಯಲ್ಲಿದ್ದಾಗ ಇದು ಶೇಕಡ 40ಕ್ಕೆ, ಆಜ್ಞೆ ದೂರವಾಣಿಯಲ್ಲಿ ಬಂದಾಗ ಸುಮಾರು 20ಕ್ಕೆ ಇಳಿಯಿತು. ಅಂದ ಮೇಲೆ ಸನ್ನಿವೇಶ ಬದಲಾದಂತೆ ವಿಧೇಯತೆ ಬದಲಾಗುತ್ತದೆ. ಮುಂದಿನದು ನಾನು ನಿರೀಕ್ಷಿಸದ ವಾಕ್ಯ: ಹಾಗೆಂದ ಮಾತ್ರಕ್ಕೆ ಸನ್ನಿವೇಶವೇ ಎಲ್ಲವೂ ಅಲ್ಲ, ಏಕೆಂದರೆ ಅದೇ ಕೋಣೆ, ಅದೇ ಆಜ್ಞೆ, ಅದೇ ಯಂತ್ರದ ಮುಂದೆ 14 ಮಂದಿ ನಿಲ್ಲಿಸಿದರು. ಎಲ್ಲರೂ 26ರ ಕಡೆ ಬೆರಳು ತೋರಿಸುತ್ತಾರೆ, ಅವಳು ಉಳಿದ 14ನ್ನು ಎಣಿಸಿದಳು.

ಆಮೇಲೆ ಬಿದ್ದಳು. ಭಾಗವಹಿಸಿದವರಿಗೆ ಮೋಸವಾಯಿತು, ಒತ್ತಡವಾಯಿತು, ಹಿಂದೆ ಸರಿಯುವ ಹಕ್ಕು ಮಸುಕಾಯಿತು ಎಂದು ಹತ್ತೊಂಬತ್ತು ಸಾಲು. ಎಲ್ಲವೂ ನಿಜ, ಎಲ್ಲವೂ ಪಠ್ಯದ್ದೇ. ಆದರೆ ಪ್ರಶ್ನೆ ಕೇಳಿದ್ದು ಆ ವಾದ ನಿಲ್ಲುತ್ತದೆಯೇ ಎಂದು. ಒಂದು ಪ್ರಯೋಗವನ್ನು ಮಾಡಬಾರದಿತ್ತು ಎಂಬುದರಿಂದ ಅದರ ಫಲಿತಾಂಶ ಸುಳ್ಳಾಗುವುದಿಲ್ಲ. ನೈತಿಕತೆಯ ಮಾತು ಈ ಪ್ರಶ್ನೆಗೆ ಹೊಂದಬೇಕಾದರೆ ಅದನ್ನು ಬೇರೆ ಕಡೆಯಿಂದ ತರಬೇಕು: ನೈತಿಕ ಮಿತಿಗಳಿಂದಾಗಿ ಜೆರಿ ಬರ್ಗರ್ ಅದೇ ಬಗೆಯ ಪ್ರಯೋಗವನ್ನು ಮತ್ತೆ ಮಾಡಿ 2009ರಲ್ಲಿ ಪ್ರಕಟಿಸಿದಾಗ ಅದನ್ನು 150 ವೋಲ್ಟಿಗೆ ನಿಲ್ಲಿಸಬೇಕಾಗಿತ್ತು, ಅಲ್ಲಿ ಶೇಕಡ 70 ಮಂದಿ ಮುಂದುವರಿಯಲು ಸಿದ್ಧರಿದ್ದರು, ಆದರೆ ಅವರು ನಿಜವಾಗಿ 450ರವರೆಗೆ ಹೋಗುತ್ತಿದ್ದರೇ ಎಂಬುದನ್ನು ಆ ಪ್ರಯೋಗದಿಂದ ನೇರವಾಗಿ ಹೇಳಲಾಗದು. ಹೀಗೆ ಬರೆದರೆ ನೈತಿಕತೆ ಪುರಾವೆಯ ಗಡಿಯನ್ನು ಮುಟ್ಟುತ್ತದೆ. ಮನಃಶಾಸ್ತ್ರದ ಉತ್ತರಗಳಲ್ಲಿ ಕಂಠಪಾಠದ ನೈತಿಕತೆಯಷ್ಟು ಜಾಗ ತಿನ್ನುವ ಇನ್ನೊಂದು ವಿಷಯವನ್ನು ನಾನು ಕಂಡಿಲ್ಲ. ಏಳು ಅಂಕ ಕೊಟ್ಟು ಹತ್ತೊಂಬತ್ತು ಸಾಲಿನ ಪಕ್ಕ ಏನೂ ಬರೆಯದೆ ಹಿಂದಿರುಗಿಸಿದೆ. ಮರುದಿನ ಅವಳೇ ಅದರ ಫೋಟೋ ಕಳುಹಿಸಿದಳು, ಸಾಲುಗಳ ಮೇಲೆ ಅಡ್ಡಗೆರೆ ಎಳೆದಿತ್ತು.

ಸೆಮಿಸ್ಟರ್ ಪರೀಕ್ಷೆಗೆ ಮೊದಲಿನ ಶನಿವಾರ ಅವಳು ಕೊನೆಯ ಸಲ ಬಂದಾಗ ಕೈಯಲ್ಲಿ ಎಚ್.ಎಂ. ಚೀಟಿ ಇತ್ತು. ಒಬ್ಬನೇ ಮನುಷ್ಯನ ಮಿದುಳಿನಿಂದ ಇಷ್ಟೆಲ್ಲ ಹೇಳಬಹುದೇ, ಅವನಲ್ಲಿ ತೆಗೆದದ್ದು ಎಷ್ಟು ಎಂದು ಯಾರಾದರೂ ನೋಡಿದ್ದಾರಾ ಎಂದು ಕೇಳಿದಳು. ಈ ಪ್ರಶ್ನೆಯನ್ನು ಯಾವ ಪರೀಕ್ಷೆಯೂ ಅವಳಿಗೆ ಕೇಳಿರಲಿಲ್ಲ. ಮೊಲೈಸನ್ 2008ರಲ್ಲಿ ತೀರಿಕೊಂಡ ಮೇಲೆ, 2009ರಲ್ಲಿ ಅವರ ಮಿದುಳನ್ನು ಸ್ಯಾನ್ ಡಿಯಾಗೋದಲ್ಲಿ 2,401 ತೆಳು ಪದರಗಳಾಗಿ ಕತ್ತರಿಸಿ ಪರಿಶೀಲಿಸಿದರು, ಹಿಪೊಕ್ಯಾಂಪಸ್ಸಿನ ಹಿಂಭಾಗ ಗಣನೀಯವಾಗಿ ಉಳಿದಿತ್ತು ಎಂದು 2014ರಲ್ಲಿ ಪ್ರಕಟವಾಯಿತು ಎಂದು ಹೇಳಿದೆ. ಅವಳು ಜಗಲಿಯ ಅಂಚಿನಲ್ಲಿ ಕುಳಿತು, ಚೀಟಿಯನ್ನು ಮೊಣಕಾಲ ಮೇಲಿಟ್ಟು, ತುಂಬಿಹೋಗಿದ್ದ ಕಾಗದದ ಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು ಸೇರಿಸಿದಳು: ‘ಹಾಗೆಂದ ಮಾತ್ರಕ್ಕೆ ಪೂರ್ತಿ ತೆಗೆದಿದ್ದರು ಎಂದು ಬರೆಯಬಾರದು.’